ಬರೆ ಕೆರೆಯೋ ಮುಂಚೆ ಒಂದ್ಸಲ ಬಗ್ಗಿ ನೋಡಿ

ಮಳೆ ಸ್ವಲ್ಪ ಹೊಳವಾಯ್ತು ಅಂತ ತೋಟದ ರಸ್ತೆ ಬರೆ ಕೆರೆಸ್ತಾ ಇದ್ದೆ. ಮಣ್ಣಿನ ಮೇಲೆ ಹಸಿರು ಹಾವಸೆ, ಅದರ ತುಂಬ ಗುಂಡುಸೂಜಿ ನೆಟ್ಟ ಹಾಗೆ ಸಣ್ಣ ಕಡ್ಡಿಗಳು. ಅಷ್ಟು ಭಾಗ ಹಾಗೇ ಬಿಡಿ ಅಂದೆ. ಯಾಕೆ ಅಂತ ಹೇಳ್ತೀನಿ.

ನಾವು ಎಲ್ಲದಕ್ಕೂ ಪಾಚಿ ಅಂತೀವಿ. ಕೆರೆ ನೀರಿನ ಪಾಚಿ ಬೇರೆ, ಮರದ ಮೇಲಿನ ಬೂದು ಕಲ್ಲುಹೂವು ಬೇರೆ, ಈ ಹಾವಸೆ ಬೇರೆ. ಇದಕ್ಕೆ ನಿಜವಾದ ಬೇರಿಲ್ಲ, ಹೂವು ಬೀಜವೂ ಇಲ್ಲ. ಆ ಗುಂಡುಸೂಜಿ ತಲೆಯೊಳಗಿನ ಧೂಳಿಂದಲೇ ಮುಂದಿನ ಪೀಳಿಗೆ.

1899ರಲ್ಲಿ ಫಿನ್ಲೆಂಡಿನ ಬ್ರೋಥೆರಸ್ ಅನ್ನೋ ಸಸ್ಯಶಾಸ್ತ್ರಜ್ಞರು ದಕ್ಷಿಣ ಭಾರತದ ಹಾವಸೆಗಳ ಬಗ್ಗೆ ಬರೆಯುವಾಗ ಒಂದಕ್ಕೆ 'ಫಿಸ್ಕೊಮಿಟ್ರಿಯಂ ಕೂರ್ಗೆನ್ಸೆ' ಅಂತ ಹೆಸರಿಟ್ಟರು. ಕೂರ್ಗ್ ಅಂದ್ರೆ ನಮ್ಮ ಕೊಡಗು. ಈ ಗುಂಪಿನ ಗುರುತು ತಲೆಯಲ್ಲಿದೆ: ಮುಚ್ಚಳ ಬಿದ್ದ ಮೇಲೆ ಬಟ್ಟಲಿನ ಹಾಗೆ ಬಾಯಿ ತೆರೆಯುತ್ತೆ, ಬೇರೆ ಎಷ್ಟೋ ಹಾವಸೆಗಳಿಗೆ ಇರೋ ಹಲ್ಲಿನ ಸಾಲು ಇರಲ್ಲ. ಇವು ದಟ್ಟ ಕಾಡು ಕೇಳಲ್ಲ. ಒದ್ದೆಯಾದ ಬರಿ ಮಣ್ಣು ಸಾಕು. ಬರೆ, ತೋಡಿನ ಅಂಚು, ಗದ್ದೆ ಬದು, ಅಂದ್ರೆ ನಮ್ಮ ಗುದ್ದಲಿ ಆಡಿದ ಜಾಗ.

ನನ್ನ ಬರೆಯಲ್ಲಿರೋದು ಅದೇ ಅಂತ ನಾನು ಹೇಳ್ತಿಲ್ಲ. ಅದನ್ನ ಸೂಕ್ಷ್ಮದರ್ಶಕದಲ್ಲಿ ನೋಡಿದವರೇ ಹೇಳಬೇಕು. ಆದ್ರೆ 'ಅಪರೂಪ' ಅನ್ನೋ ಮಾತನ್ನ ನಾನು ಸುಮ್ಮನೆ ಒಪ್ಪಲ್ಲ. ಕೆಲವು ಗಿಡ ನಿಜಕ್ಕೂ ಕಡಿಮೆ, ಕೆಲವನ್ನ ಯಾರೂ ಹುಡುಕಿರಲ್ಲ. ಹುಡುಕೋರು ಬೆಟ್ಟಕ್ಕೆ, ರಕ್ಷಿತ ಕಾಡಿಗೆ ಹೋಗ್ತಾರೆ. ಅಮ್ಮತ್ತಿಯ ರೊಬಸ್ಟಾ ತೋಟದ ಗೇಟು ಹಾಕಿರುತ್ತೆ. ಒಳಗೇನಿದೆ ಅಂತ ನಾವೇ ಹೇಳದಿದ್ರೆ ಇನ್ಯಾರು ಹೇಳ್ಬೇಕು?

ಇದರಿಂದ ಕಾಫಿಗೇನು ಲಾಭ ಅಂತ ಕೇಳ್ತೀರಿ. ಹಾವಸೆ ಹಿಡಿದ ಬರೆಯ ಮಣ್ಣು ಮಳೆ ಹೊಡೆತಕ್ಕೆ ಬೇಗ ಕೊಚ್ಚಿ ಹೋಗಲ್ಲ, ಅಷ್ಟಂತೂ ಇದೆ. ನಡೆಯೋ ದಾರಿಯಲ್ಲಿ ಜಾರುತ್ತೆ, ಅಲ್ಲಿ ಕೆರೆಯಿರಿ. ಮಿಕ್ಕ ಕಡೆ ತಲೆ ಕಂದು ಬಣ್ಣಕ್ಕೆ ತಿರುಗಿ ಬಾಯಿ ಬಿಡೋವರೆಗೆ ಕಾಯೋಣ. ಧೂಳು ಮಣ್ಣಿಗೆ ಬಿದ್ದಿದ್ರೆ ಮುಂದಿನ ಮಳೆಗೆ ಮತ್ತೆ ಬರಬಹುದು. ಆದ್ರೆ ತೋಡಿಗೆ, ಬರೆಗೆಲ್ಲ ಸಿಮೆಂಟ್ ಹಾಕಿದ್ರೆ ಈ ಮಣ್ಣಿನ ಹಾವಸೆಗೆ ಜಾಗವೇ ಇರಲ್ಲ.

ಇಂಥದ್ದು ಕಂಡ್ರೆ ತಲೆ ಇರೋ ಒಂದು ಚೂರು ಮಾತ್ರ ತೆಗೆದು ಕಾಗದದ ಕವರಿನಲ್ಲಿ ಒಣಗಿಸಿ. ಪ್ಲಾಸ್ಟಿಕ್ ಬೇಡ, ಬೂಸ್ಟು ಹಿಡಿಯುತ್ತೆ. ಜಾಗ, ತಾರೀಕು, ಮಣ್ಣೋ ಮರವೋ ಕಲ್ಲೋ ಅಂತ ಕವರಿನ ಮೇಲೇ ಬರೀರಿ. ನಾಲ್ಕೈದು ತೋಟದ್ದು ಸೇರಿದ್ರೆ ಕಾಲೇಜಿನ ಸಸ್ಯಶಾಸ್ತ್ರದವರಿಗೆ ಒಟ್ಟಿಗೆ ತೋರಿಸೋಣ. ನಿಮ್ಮ ಬರೆಯಲ್ಲಿ ಏನಿದೆ, ಹೇಳಿ.