ಬಾಳಿಕೆಯೂ ಬೇಕು, ಬಿಚ್ಚಲೂ ಬರಬೇಕು

ಒಡೆದ ಬಕೆಟ್ಟನ್ನು ಗುಜರಿಯವನು ತೂಕ ಹಾಕಿ ಕೊಳ್ಳುತ್ತಾನೆ; ಹಳೆಯ ಬೇಕಲೈಟ್ ಸ್ವಿಚ್ಚನ್ನು ಪಕ್ಕಕ್ಕೆ ಎಸೆಯುತ್ತಾನೆ. ಅವನ ಲೆಕ್ಕಾಚಾರ ರಸಾಯನಶಾಸ್ತ್ರಕ್ಕೂ ಒಪ್ಪಿಗೆಯೇ. ಬಕೆಟ್ಟಿನಲ್ಲಿ ಅಣುಗಳ ಉದ್ದುದ್ದ ಸರಪಳಿಗಳು ಬಿಡಿಬಿಡಿಯಾಗಿರುತ್ತವೆ, ಕಾಯಿಸಿದರೆ ಜಾರಿ ಕರಗುತ್ತವೆ. ಬೇಕಲೈಟಿನಲ್ಲಿ ಸರಪಳಿಗಳ ನಡುವೆ ಅಡ್ಡಬೆಸುಗೆ; ಎಷ್ಟು ಕಾಯಿಸಿದರೂ ಕರಗದು, ಕೊನೆಗೆ ಕರಕಲಾಗುತ್ತದೆ. ಟೈರು, ಎಪಾಕ್ಸಿ, ಗಾಳಿಯಂತ್ರದ ರೆಕ್ಕೆ ಎಲ್ಲ ಇದೇ ಜಾತಿ. ಬಾಳಿಕೆ ತಂದುಕೊಟ್ಟ ಬೆಸುಗೆಯೇ ಮರುಬಳಕೆಗೆ ಅಡ್ಡಗಾಲು. ಎರಡೂ ಬೇಕೆಂದರೆ?

2011ರಲ್ಲಿ ಪ್ಯಾರಿಸ್ಸಿನ ವಿಜ್ಞಾನಿ ಲುಡ್ವಿಕ್ ಲೈಬ್ಲರ್ ಮತ್ತು ಸಂಗಡಿಗರು ಒಂದು ದಾರಿ ತೋರಿಸಿದರು. ಎಪಾಕ್ಸಿಗೆ ಕೊಬ್ಬಿನಾಮ್ಲ ಸೇರಿಸಿ, ಸತುವಿನ ಲವಣವನ್ನು ವೇಗವರ್ಧಕವಾಗಿಟ್ಟರು. ಬಿಸಿ ಏರಿದಾಗ ಅದರ ಎಸ್ಟರ್ ಬಂಧಗಳು ತಮ್ಮತಮ್ಮಲ್ಲೇ ಅದಲುಬದಲಾಗುತ್ತವೆ. ಕೋಲಾಟದಲ್ಲಿ ಜೊತೆಗಾರ ಬದಲಾದರೂ ಸುತ್ತು ಮುರಿಯದ ಹಾಗೆ, ಬಂಧಗಳ ಒಟ್ಟು ಸಂಖ್ಯೆ ಕುಂದುವುದಿಲ್ಲ. ವಸ್ತು ಮಾತ್ರ ಹೊಸ ಆಕಾರಕ್ಕೆ ಬಗ್ಗುತ್ತದೆ. ಇಂಥ ವಸ್ತುವಿಗೆ ವಿಟ್ರಿಮರ್ ಎಂದು ಹೆಸರು. 2019ರಲ್ಲಿ ಅಮೆರಿಕದ ಬರ್ಕ್ಲಿ ಪ್ರಯೋಗಾಲಯದ ಪಿಡಿಕೆ ಎಂಬ ಪ್ಲಾಸ್ಟಿಕ್ ಇನ್ನೂ ಮುಂದೆ ಹೋಯಿತು: ಪ್ರಬಲ ಆಮ್ಲದಲ್ಲಿ, ಕೋಣೆಯ ಉಷ್ಣಾಂಶದಲ್ಲೇ, ಬೆರೆಸಿದ ಬಣ್ಣವನ್ನೂ ನಾರನ್ನೂ ಬಿಟ್ಟುಕೊಟ್ಟು ಮೂಲ ಅಣುಗಳಿಗೆ ಮರಳಿತು.

ಬಿಚ್ಚಿಕೊಳ್ಳುವ ಬಂಧ ಬೇಡದ ಹೊತ್ತಿನಲ್ಲೂ ಬಿಚ್ಚಿಕೊಂಡರೆ ಏನು ಗತಿ? ಆಕ್ಷೇಪ ಹಗುರದ್ದಲ್ಲ. ವರ್ಷಗಟ್ಟಲೆ ಭಾರ ಹೊತ್ತ ವಿಟ್ರಿಮರ್ ಮೆಲ್ಲಗೆ ಜಗ್ಗುವುದುಂಟು. ಹಾಗಾಗಿ ಬಂಧ ಬಿಚ್ಚುವ ಕೀಲಿಯು ಬಿಸಿಲು, ಮಳೆ, ಸೋಪಿನ ನೀರು ಆಗಿರಕೂಡದು. ವಸ್ತು ತನ್ನ ಆಯುಷ್ಯದಲ್ಲಿ ಎಂದೂ ಎದುರಿಸದ ಸ್ಥಿತಿಯಾಗಿರಬೇಕು. ವಿನ್ಯಾಸದ ಜಾಣತನವೆಲ್ಲ ಈ ಆಯ್ಕೆಯಲ್ಲಿದೆ.

ಇಂಥ ದುಬಾರಿ ರಸಾಯನವನ್ನು ಚಿಪ್ಸ್ ಪೊಟ್ಟಣಕ್ಕೆ ಬಳಸುವುದು ದಂಡ ಎಂದೇ ನನಗನ್ನಿಸುತ್ತದೆ. ಐದು ನಿಮಿಷದಲ್ಲಿ ಬೀದಿಪಾಲಾಗುವ ಪೊಟ್ಟಣವನ್ನು ಆಮ್ಲದ ತೊಟ್ಟಿಯವರೆಗೆ ಒಯ್ಯುವವರು ಯಾರು? ದೊಡ್ಡದಾಗಿ, ಒಂದೇ ಕಡೆ ನಿಂತು, ಇಪ್ಪತ್ತು ವರ್ಷ ದುಡಿಯುವ ವಸ್ತುಗಳಿಗೆ ಇದು ಸರಿ. ಸೀಮೆನ್ಸ್ ಗಮೇಸಾ ಕಂಪನಿ 2021ರಲ್ಲಿ ಪ್ರಕಟಿಸಿದ ಗಾಳಿಯಂತ್ರದ ರೆಕ್ಕೆ ಅಂಥದ್ದು. ಅದರ ರಾಳವನ್ನು ಸೌಮ್ಯ ಆಮ್ಲದಲ್ಲಿ ಕರಗಿಸಿ ನಾರನ್ನು ಬೇರ್ಪಡಿಸಬಹುದು.

ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಬಹುಕಾಲದಿಂದ ತಿರುಗುತ್ತಿರುವ ರೆಕ್ಕೆಗಳಿಗೆ ಈ ಭಾಗ್ಯವಿಲ್ಲ. ಕತ್ತರಿಸಿ ಹೂಳುವುದು, ಇಲ್ಲವೇ ಸಿಮೆಂಟ್ ಗೂಡಿಗೆ ಹಾಕುವುದು. ಹೊಸದಾಗಿ ನಿಲ್ಲಿಸುವವುಗಳ ವಿಷಯದಲ್ಲಾದರೂ ಸರ್ಕಾರ ಷರತ್ತು ಹಾಕಬಹುದು. ರೆಕ್ಕೆ ಇಳಿಯುವ ಹೊತ್ತಿಗೆ ತಯಾರಿಸಿದ ಕಂಪನಿ ಇರುತ್ತದೋ ಇಲ್ಲವೋ. ಯಾವ ರಾಳ, ಯಾವ ಆಮ್ಲ ಎಂಬುದು ರೆಕ್ಕೆಯ ಬುಡದಲ್ಲೇ ಅಚ್ಚಾಗಿರಲಿ, ಬಿಚ್ಚುವ ಖರ್ಚನ್ನು ನಿಲ್ಲಿಸುವ ದಿನವೇ ಠೇವಣಿಯಾಗಿ ಕಟ್ಟಿಸಿಕೊಳ್ಳಲಿ.