ನೇತ್ರಾಣಿ ಸ್ಕೂಬಾ ಪ್ಯಾಕೇಜ್: ಅಡ್ವಾನ್ಸ್ ಹಾಕೋ ಮುಂಚೆ ಮಳವಳ್ಳಿ ಕುಟುಂಬಗಳು ಕೇಳಬೇಕಾದ್ದೇನು?

ಮಳವಳ್ಳಿ: ಮಳೆಗಾಲ ಮುಗಿದು ಕಡಲು ತಿಳಿಯಾಗುತ್ತಿದ್ದಂತೆ ಮುರ್ಡೇಶ್ವರದ ಸ್ಕೂಬಾ ಡೈವಿಂಗ್ ಪ್ಯಾಕೇಜ್‌ಗಳ ಜಾಹೀರಾತು ಮೊಬೈಲ್‌ಗಳಲ್ಲಿ ಓಡಾಡೋಕೆ ಶುರುವಾಗುತ್ತೆ. ರೂಮು, ಊಟ, ಬೋಟು, ಡೈವಿಂಗ್, ನೀರೊಳಗಿನ ವಿಡಿಯೊ ಎಲ್ಲಾ ಸೇರಿ ಒಂದೇ ರೇಟು. ಧರ್ಮಸ್ಥಳ, ಸುಬ್ರಹ್ಮಣ್ಯ, ಹೊರನಾಡು ಮುಗಿಸಿಕೊಂಡು ವಾಪಸ್ಸಾಗುತ್ತಿದ್ದ ಕುಟುಂಬ ಪ್ರವಾಸಕ್ಕೆ ಈಗ ಮಕ್ಕಳ ಹಟದಿಂದ ಇನ್ನೊಂದು ನಿಲ್ದಾಣ ಸೇರಿಕೊಂಡಿದೆ.

ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ 2022ರಲ್ಲಿ ಬಿಡುಗಡೆಯಾದ ಮೇಲೆ ನೇತ್ರಾಣಿ ಹೆಸರು ಕೇಳದವರು ಕಡಿಮೆ. ಆದರೆ ಪ್ಯಾಕೇಜ್ ಬುಕ್ ಮಾಡುವ ಬಹುತೇಕರು ಕೇಳೋದು ಒಂದೇ ಪ್ರಶ್ನೆ: ‘ತಲೆಗೆ ಎಷ್ಟು?’ ಮಿಕ್ಕ ಪ್ರಶ್ನೆಗಳನ್ನು ಕೇಳದೆ ಹೋದರೆ ಏನಾಗಬಹುದು ಅನ್ನೋದಕ್ಕೆ ನಮ್ಮದೇ ಕರಾವಳಿಯಲ್ಲಿ ಸಾಲು ಸಾಲು ಉದಾಹರಣೆಗಳಿವೆ.

ನೇತ್ರಾಣಿ ಎಲ್ಲಿದೆ, ಅಲ್ಲಿ ಏನು ಮಾಡಿಸ್ತಾರೆ?

ನೇತ್ರಾಣಿ ಉತ್ತರ ಕನ್ನಡ ಜಿಲ್ಲೆ ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರ ಸಮುದ್ರದಲ್ಲಿರುವ ಪುಟ್ಟ ದ್ವೀಪ. ಮೇಲಿಂದ ನೋಡಿದರೆ ಹೃದಯದ ಆಕಾರ. ದೋಣಿಯಲ್ಲಿ ಒಂದು ಗಂಟೆಗೂ ಮಿಕ್ಕಿದ ದಾರಿ. ಸುತ್ತ ಬಂಡೆ, ಹವಳ, ಬಣ್ಣದ ಮೀನು, ಅದೃಷ್ಟ ಇದ್ದರೆ ಆಮೆ. ಜೂನ್‌ನಿಂದ ಆಗಸ್ಟ್‌ವರೆಗೆ ಮುಂಗಾರಿನಲ್ಲಿ ಬಂದ್. ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ ಸೀಸನ್, ಅದರಲ್ಲೂ ಡಿಸೆಂಬರ್, ಜನವರಿಯಲ್ಲಿ ನೀರು ಹೆಚ್ಚು ತಿಳಿ.

ಮೊದಲ ಸಲ ಹೋಗುವವರಿಗೆ ಮಾಡಿಸೋದು ‘ಟ್ರೈ ಡೈವ್’. ದಡದಲ್ಲೋ ದೋಣಿಯಲ್ಲೋ ಪಾಠ ಹೇಳಿ, ತರಬೇತುದಾರ ಜೊತೆಗಿದ್ದು ನೀರೊಳಗೆ ಕರೆದುಕೊಂಡು ಹೋಗುತ್ತಾನೆ. ಇದಕ್ಕೆ ಈಜು ಬರಲೇಬೇಕು ಅಂತಿಲ್ಲ. ಖರ್ಚು ಸಾಮಾನ್ಯವಾಗಿ ತಲೆಗೆ ಐದು ಸಾವಿರ ರೂಪಾಯಿ ಆಸುಪಾಸು. ನಾಲ್ಕು ಜನರ ಕುಟುಂಬ ಅಂದರೆ ಡೈವಿಂಗ್‌ಗೇ ಇಪ್ಪತ್ತು ಸಾವಿರ. ಅಷ್ಟು ದುಡ್ಡು ಕೊಟ್ಟು ಟಿವಿ ತಗೊಂಡರೂ ಗ್ಯಾರಂಟಿ ಕಾರ್ಡ್ ಕೇಳುವ ಜನ, ಇಲ್ಲಿ ಒಂದು ಫೋನ್‌ಪೇ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಹೊರಟುಬಿಡ್ತಾರೆ.

ಅಪಾಯ ಅರ್ಧ ಗಂಟೆಯದ್ದಲ್ಲ, ಎರಡು ದಿನದ್ದು

ಸ್ಕೂಬಾ ಅಂದ ಕೂಡಲೇ ಮನೆಯವರು ಹೆದರುವುದು ನೀರಿನಡಿಯ ಅರ್ಧ ಗಂಟೆಗೆ. ಆದರೆ ಕೆಲ ವರ್ಷಗಳಿಂದ ನಡೆದ ಸಾವುಗಳನ್ನು ಸಾಲಾಗಿ ಇಟ್ಟು ನೋಡಿದರೆ ಬೇರೆಯೇ ಚಿತ್ರ ಕಾಣುತ್ತೆ.

2024ರ ಡಿಸೆಂಬರ್ 10ರಂದು ಮುರ್ಡೇಶ್ವರದ ಬೀಚ್‌ನಲ್ಲೇ ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಅಲೆಗೆ ಸಿಕ್ಕಿ ತೀರಿಕೊಂಡರು. ಅವರು ಡೈವಿಂಗ್‌ಗೆ ಹೋದವರಲ್ಲ, ಶಾಲಾ ಪ್ರವಾಸಕ್ಕೆ ಬಂದು ದಡದಲ್ಲಿ ನೀರಿಗಿಳಿದವರು. ಆಮೇಲೆ ಬೀಚ್ ಪ್ರವೇಶವನ್ನೇ ಕೆಲ ದಿನ ಬಂದ್ ಮಾಡಲಾಯಿತು.

ಅದಕ್ಕೆ ಮೂರು ವಾರ ಮುಂಚೆ, ನವೆಂಬರ್ 17ರಂದು, ಮಂಗಳೂರು ಹತ್ತಿರದ ಸೋಮೇಶ್ವರ ಉಚ್ಚಿಲದ ರೆಸಾರ್ಟ್ ಒಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಸತ್ತರು. ಸಮುದ್ರ ಕೂಗಳತೆಯಲ್ಲಿತ್ತು, ಸಾವು ಬಂದದ್ದು ಆರು ಅಡಿ ಆಳದ ಕೊಳದಲ್ಲಿ. ಮೂವರಿಗೂ ಈಜು ಬರುತ್ತಿರಲಿಲ್ಲ. ಕಾವಲಿಗೆ ಜೀವರಕ್ಷಕ ಇರಲಿಲ್ಲ, ಆಳ ತಿಳಿಸುವ ಗುರುತೂ ಇರಲಿಲ್ಲ ಅನ್ನೋದು ಆಮೇಲೆ ಹೊರಬಿತ್ತು. ರೆಸಾರ್ಟ್‌ಗೆ ಬೀಗ ಬಿತ್ತು, ಮಾಲೀಕ ಮತ್ತು ಮ್ಯಾನೇಜರ್ ಬಂಧನವಾಯಿತು.

ಇನ್ನು ದೋಣಿ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಗೆ ಹೋಗಿ ವಾಪಸ್ ಬರುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಅವರಲ್ಲಿ ಹಲವರು ಹಾವೇರಿ ಜಿಲ್ಲೆಯವರು, ನಮ್ಮ ಹಾಗೇ ಕಡಲು ಕಾಣದ ಬಯಲುಸೀಮೆ ಜನ. ದೋಣಿಯಲ್ಲಿ ಮಿತಿ ಮೀರಿ ಜನ ತುಂಬಿದ್ದರು.

2025ರ ಸೆಪ್ಟೆಂಬರ್ 19ರಂದು ಸಿಂಗಪುರದಲ್ಲಿ ಅಸ್ಸಾಂನ ಹೆಸರಾಂತ ಗಾಯಕ ಜುಬೀನ್ ಗರ್ಗ್ ತೀರಿಕೊಂಡಾಗ ಮೊದಲು ಬಂದ ಸುದ್ದಿ ‘ಸ್ಕೂಬಾ ಅಪಘಾತ’ ಅಂತ. ಆಮೇಲೆ ತಿಳಿದದ್ದು, ಅವರು ವಿಹಾರ ನೌಕೆಯಿಂದ ನೀರಿಗಿಳಿದು ಈಜುವಾಗ ಮುಳುಗಿದ್ದರು ಅನ್ನೋದು.

ಬೀಚು, ರೆಸಾರ್ಟಿನ ಕೊಳ, ದೋಣಿ, ನೌಕೆಯಿಂದ ಈಜು. ನಾಲ್ಕರಲ್ಲಿ ಒಂದೂ ಡೈವಿಂಗ್ ಅಲ್ಲ. ಹಾಗಾಗಿ ಡೈವಿಂಗ್‌ನವರನ್ನು ಆರಿಸುವಷ್ಟೇ ಹುಷಾರಾಗಿ ಉಳಿಯುವ ಜಾಗ, ಹತ್ತುವ ದೋಣಿ, ವಾಪಸ್ ಬರುವ ದಿನ ಎಲ್ಲವನ್ನೂ ಆರಿಸಬೇಕು. ಮುತ್ತತ್ತಿಯಲ್ಲಿ ಸುಳಿ ಇದೆ ಅಂತ ಬೋರ್ಡ್ ಇದ್ದರೂ ಕಾವೇರಿಗೆ ಇಳಿದು ಹೆಣವಾದವರ ಸುದ್ದಿ ಓದುತ್ತಲೇ ಇರುವ ತಾಲ್ಲೂಕಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಡೈವಿಂಗ್‌ನವರಿಗೆ ಕೇಳಬೇಕಾದ್ದು

ಮೊದಲನೆಯದು, ಪರವಾನಗಿ. ನೇತ್ರಾಣಿಗೆ ದೋಣಿ ಬಿಡಲು ಸರ್ಕಾರದ ಅನುಮತಿ ಯಾರ ಹೆಸರಲ್ಲಿದೆ ಅಂತ ಕೇಳಿ, ಪ್ರತಿಯ ಫೋಟೊ ತರಿಸಿಕೊಳ್ಳಿ. ಪ್ಯಾಕೇಜ್ ಮಾರುವವರು ಬೇರೆ, ಡೈವಿಂಗ್ ಮಾಡಿಸುವವರು ಬೇರೆ ಆಗಿರೋದುಂಟು. ಬೆಂಗಳೂರಿನ ಏಜೆಂಟ್ ಮೈಸೂರಿನ ಏಜೆಂಟ್‌ಗೆ, ಅವರು ಮುರ್ಡೇಶ್ವರದವರಿಗೆ ದಾಟಿಸಿದರೆ ಕೊನೆಗೆ ನಿಮ್ಮ ಮಗನ ಕೈ ಹಿಡಿಯೋದು ಯಾರು ಅಂತ ನಿಮಗೆ ಗೊತ್ತೇ ಇರಲ್ಲ.

ಎರಡನೆಯದು, ತರಬೇತುದಾರ. ‘ಪ್ಯಾಡಿ’, ‘ಎಸ್‌ಎಸ್‌ಐ’ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆಗಳು ತರಬೇತುದಾರರಿಗೆ ನಂಬರ್ ಕೊಡುತ್ತವೆ. ಪ್ಯಾಡಿ ನಂಬರ್ ಆದರೆ ಆ ಸಂಸ್ಥೆಯ ವೆಬ್‌ಸೈಟ್‌ನಲ್ಲಿ ‘ಪ್ರೊ ಚೆಕ್’ ಅಂತ ಇದೆ, ನಂಬರ್ ಹಾಕಿ ನೋಡಬಹುದು. ನಂಬರ್ ಕೇಳಿದ್ದಕ್ಕೆ ಸಿಟ್ಟಾಗುವವರ ಹತ್ತಿರ ಬುಕ್ ಮಾಡಬೇಡಿ.

ಮೂರನೆಯದು, ಒಬ್ಬ ತರಬೇತುದಾರನಿಗೆ ಎಷ್ಟು ಜನ? ಪ್ಯಾಡಿ ನಿಯಮದಂತೆ ಮೊದಲ ಸಲದವರನ್ನು ಕಡಲಿಗೆ ಇಳಿಸುವಾಗ ಒಬ್ಬ ತರಬೇತುದಾರನಿಗೆ ನಾಲ್ಕು ಜನ ಗರಿಷ್ಠ. ಆಳ 12 ಮೀಟರ್ ದಾಟುವಂತಿಲ್ಲ. ಆದರೆ ನಾಲ್ಕು ಅನ್ನೋದು ಮೇಲಿನ ಮಿತಿ ಮಾತ್ರ. ಈಜು ಬರದವರು, ಮಕ್ಕಳು ಇದ್ದರೆ ಒಬ್ಬರಿಗೆ ಒಬ್ಬ ಅಂತ ಬರೆದು ಕೊಡುವವರೇ ವಾಸಿ.

ನಾಲ್ಕನೆಯದು, ದೋಣಿಯಲ್ಲಿ ಆಮ್ಲಜನಕದ ಕಿಟ್ ಇದೆಯಾ? ಎಲ್ಲರಿಗೂ, ಮಕ್ಕಳ ಅಳತೆಗೂ, ಲೈಫ್ ಜಾಕೆಟ್ ಇದೆಯಾ? ಎಲ್ಲರೂ ನೀರೊಳಗೆ ಇದ್ದಾಗ ದೋಣಿ ಮೇಲೆ ಯಾರಿರ್ತಾರೆ? ದೋಣಿಗೆ ಎಷ್ಟು ಜನರ ಮಿತಿ?

ಐದನೆಯದು, ಕಡಲು ಕೆಟ್ಟರೆ ದುಡ್ಡು ವಾಪಸ್ಸಾ, ಇನ್ನೊಂದು ದಿನಾನಾ? ವಾಪಸ್ ಕೊಡಲ್ಲ ಅನ್ನುವ ಕಡೆ, ಗಾಳಿ ಎದ್ದ ದಿನವೂ ದೋಣಿ ಬಿಡುವ ಆಸೆ ಇರುತ್ತೆ. ‘ಇವತ್ತು ಬೇಡ’ ಅಂತ ಹೇಳುವ ಧೈರ್ಯ ಇರುವವರನ್ನು ಹುಡುಕಬೇಕು.

ರೇಟು ತೀರಾ ಕಡಿಮೆ ಇದ್ದರೆ ಎಲ್ಲಿ ಉಳಿಸಿದ್ದಾರೆ ಅಂತ ನೋಡಿ. ಡೀಸೆಲ್ ಬೆಲೆ ಎಲ್ಲರಿಗೂ ಒಂದೇ. ಉಳಿತಾಯ ಆಗೋದು ಜನರನ್ನು ಹೆಚ್ಚು ತುಂಬಿ, ತರಬೇತುದಾರರನ್ನು ಕಡಿಮೆ ಮಾಡಿ, ನೀರೊಳಗಿನ ಸಮಯ ಮೊಟಕುಗೊಳಿಸಿ. ವ್ಯಾಪಾರ ಮಾಡುವವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತೆ.

ಮನೆಯಲ್ಲಿ ಯಾರು ಇಳಿಯಬಹುದು, ಯಾರು ಬೇಡ?

ಪ್ಯಾಡಿ ಪ್ರಕಾರ ಕಡಲಲ್ಲಿ ಟ್ರೈ ಡೈವ್‌ಗೆ ಕನಿಷ್ಠ 10 ವರ್ಷ. 8 ವರ್ಷದ ಮಕ್ಕಳಿಗೆ ‘ಬಬಲ್‌ಮೇಕರ್’ ಅನ್ನೋದು ಇದೆ, ಅದು ಎರಡು ಮೀಟರ್‌ಗಿಂತ ಆಳ ಇಲ್ಲದ ಜಾಗದಲ್ಲಿ ಮಾತ್ರ. ‘ಏಳು ವರ್ಷ ಆದ್ರೂ ಪರ್ವಾಗಿಲ್ಲ, ಕರ್ಕೊಂಡ್ ಬನ್ನಿ’ ಅಂತ ಫೋನಲ್ಲಿ ಹೇಳಿದರೆ ಅಲ್ಲಿಗೇ ಮಾತು ಮುಗಿಸಿ.

ಗರ್ಭಿಣಿಯರು ಇಳಿಯುವಂತಿಲ್ಲ. ಅಸ್ತಮಾ, ಮೂರ್ಛೆ, ಹೃದಯದ ತೊಂದರೆ, ಕಿವಿಯ ಆಪರೇಷನ್ ಆದವರು, ಬಿಪಿ ಮತ್ತು ಶುಗರ್‌ಗೆ ಔಷಧಿ ತಗೊಳ್ಳುವವರು ಊರಲ್ಲೇ ಡಾಕ್ಟರ್‌ಗೆ ತೋರಿಸಿ ಚೀಟಿ ತಗೊಂಡು ಹೋಗಬೇಕು. ಅಲ್ಲಿ ಕೊಡುವ ಆರೋಗ್ಯ ಫಾರಂ ಇಂಗ್ಲಿಷಿನಲ್ಲಿರುತ್ತೆ. ಎಲ್ಲದಕ್ಕೂ ‘ಇಲ್ಲ’ ಅಂತ ಟಿಕ್ ಹಾಕಿ ಸಹಿ ಮಾಡೋದು ನಡೆದೇ ಇದೆ. ಅದು ಕಾಗದ ತುಂಬುವ ಕೆಲಸ ಅಲ್ಲ, ನಿಮ್ಮ ಜೀವದ ಲೆಕ್ಕ. ಫಾರಂ ಮೊದಲೇ ವಾಟ್ಸ್‌ಆಪ್‌ನಲ್ಲಿ ತರಿಸಿಕೊಂಡು ಮನೆಯಲ್ಲಿ ಕೂತು ಓದಿ.

ನೆಗಡಿ ಇದ್ದರೂ ಇಳಿಯಬಾರದು. ಮಾದಪ್ಪನ ಬೆಟ್ಟ ಹತ್ತುವಾಗ ಬಸ್ಸಿನಲ್ಲಿ ಕಿವಿ ಕಟ್ಟುತ್ತಲ್ಲ, ನೀರೊಳಗೆ ಅದು ಕೆಲವೇ ಅಡಿಗಳಲ್ಲಿ ಜೋರಾಗಿ ಆಗುತ್ತೆ. ಹತ್ತು ಮೀಟರ್ ಇಳಿದರೆ ಒತ್ತಡ ಮೇಲಿನದಕ್ಕಿಂತ ಎರಡರಷ್ಟು. ಮೂಗು ಕಟ್ಟಿದ್ದರೆ ಕಿವಿ ತೆರೆಯೋದಿಲ್ಲ, ತಮಟೆಗೇ ಪೆಟ್ಟು ಬೀಳಬಹುದು. ಇದೇ ಒತ್ತಡದ ಕಾರಣಕ್ಕೆ ಇನ್ನೊಂದು ನಿಯಮವೂ ಇದೆ: ನೀರೊಳಗೆ ಯಾವತ್ತೂ ಉಸಿರು ಬಿಗಿಹಿಡಿಯಬಾರದು. ಬಿಗಿಹಿಡಿದು ಮೇಲೆ ಬಂದರೆ ಶ್ವಾಸಕೋಶದ ಗಾಳಿ ಹಿಗ್ಗಿ ಅಪಾಯ. ಹೆದರಿದವರು ಮೊದಲು ಮಾಡೋದೇ ಅದನ್ನ. ಅದಕ್ಕೇ ಪಾಠ ಕನ್ನಡದಲ್ಲಿ ಹೇಳಿಕೊಡುವವರಿದ್ದಾರಾ ಅಂತ ಕೇಳಿಕೊಳ್ಳಬೇಕು.

ರೆಸಾರ್ಟ್ ಆರಿಸುವಾಗ

ಕುಟುಂಬದಲ್ಲಿ ಎಲ್ಲರೂ ಡೈವ್ ಮಾಡಲ್ಲ. ಅಜ್ಜಿ, ಚಿಕ್ಕ ಮಗು, ಬಿಪಿ ಇರುವ ಯಜಮಾನರು ಅರ್ಧ ದಿನ ದಡದಲ್ಲೇ ಉಳಿಯಬೇಕು. ರೆಸಾರ್ಟ್ ಬೇಕಿರೋದು ಮುಖ್ಯವಾಗಿ ಅವರಿಗೆ. ಫೋಟೊದಲ್ಲಿ ಕೊಳ ನೀಲಿಯಾಗಿ ಕಂಡರೆ ಸಾಲದು. ಆಳ ಎಷ್ಟು, ಆಳದ ಗುರುತು ಇದೆಯಾ, ಜೀವರಕ್ಷಕ ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಇರ್ತಾನೆ, ಮಕ್ಕಳ ಕೊಳ ಬೇರೆ ಇದೆಯಾ ಅಂತ ಕೇಳಬೇಕು. ಬೀಚ್‌ಗೆ ನೇರ ಬಾಗಿಲು ಇರೋದು ಸೌಕರ್ಯ ನಿಜ, ಚಿಕ್ಕ ಮಕ್ಕಳಿದ್ದರೆ ಅದೇ ಆತಂಕ. ಕಡಲು ಮುಟ್ಟುವ ರೂಮಿಗಿಂತ ಎರಡು ಬೀದಿ ಹಿಂದಿನ ಸಾದಾ ಲಾಡ್ಜ್ ಎಷ್ಟೋ ಸಲ ನೆಮ್ಮದಿ.

ರೆಸಾರ್ಟಿನವರು ‘ನಮ್ಮದೇ ಡೈವಿಂಗ್’ ಅಂದರೆ ಮೇಲಿನ ಐದೂ ಪ್ರಶ್ನೆ ಮತ್ತೆ ಕೇಳಿ. ರೂಮಿಗೂ ಡೈವಿಂಗ್‌ಗೂ ಬೇರೆ ಬೇರೆ ಬಿಲ್ ಪಡೆದರೆ ಯಾವುದಕ್ಕೆ ಎಷ್ಟು ಕೊಟ್ಟಿರಿ ಅನ್ನೋದು ಸ್ಪಷ್ಟ.

ಎರಡು ದಿನವೋ, ಮೂರು ದಿನವೋ?

ಅಂಗಡಿಯವರ ದೊಡ್ಡ ಸಮಸ್ಯೆ ಇದು. ಶನಿವಾರ ರಾತ್ರಿ ಬಾಗಿಲು ಹಾಕಿ ಗಾಡಿ ಹತ್ತಿದರೆ ಭಾನುವಾರ ಡೈವಿಂಗ್, ಅದೇ ರಾತ್ರಿ ಹೊರಟು ಸೋಮವಾರ ಬೆಳಿಗ್ಗೆ ಬಾಗಿಲು ತೆಗೀಬೇಕು. ನಾನೂರು ಕಿ.ಮೀ. ಮೀರಿದ ದಾರಿ ಹೋಗಿಬರುವ ಈ ಲೆಕ್ಕದಲ್ಲಿ ಯಾರೂ ಎಣಿಸದ ಒಂದು ವಿಷಯವಿದೆ: ಘಟ್ಟ.

ಟ್ಯಾಂಕಿನ ಗಾಳಿ ಉಸಿರಾಡಿದಾಗ ಸಾರಜನಕ ರಕ್ತದಲ್ಲಿ ಹೆಚ್ಚಾಗಿ ಕರಗಿರುತ್ತೆ. ಅದು ನಿಧಾನವಾಗಿ ಹೊರಹೋಗಬೇಕು. ಅಷ್ಟರಲ್ಲಿ ಎತ್ತರಕ್ಕೆ ಹೋದರೆ ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ ಗುಳ್ಳೆ ಏಳಬಹುದು. ಅದಕ್ಕೇ ಒಂದು ಡೈವ್ ಆದ ಮೇಲೆ ಕನಿಷ್ಠ 12 ಗಂಟೆ, ಹಲವು ಡೈವ್ ಆದರೆ 18 ಗಂಟೆ ವಿಮಾನ ಹತ್ತಬಾರದು ಅನ್ನೋದು ಡೈವರ್‌ಗಳ ಸುರಕ್ಷತಾ ಸಂಸ್ಥೆ ‘ಡ್ಯಾನ್’ ನೀಡಿರುವ ಸಲಹೆ. ಆ ಸಲಹೆಯ ಲೆಕ್ಕ ಶುರುವಾಗೋದೇ ಸುಮಾರು 600 ಮೀಟರ್ ಎತ್ತರದಿಂದ. ಆಗುಂಬೆ 640 ಮೀಟರ್ ಆಸುಪಾಸು, ಸಕಲೇಶಪುರ 900 ಮೀಟರ್‌ಗೂ ಮೇಲೆ. ಮಳವಳ್ಳಿ ಪಟ್ಟಣವೇ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಂದರೆ ನಮಗೆ ವಿಮಾನ ಬೇಡ, ಮನೆಗೆ ವಾಪಸ್ ಬರೋದೇ ಎತ್ತರಕ್ಕೆ ಏರಿದ ಲೆಕ್ಕ.

ಕಡಿಮೆ ಆಳದ ಒಂದೇ ಟ್ರೈ ಡೈವ್‌ನಲ್ಲಿ ಈ ಅಪಾಯ ಚಿಕ್ಕದು ನಿಜ. ಆದರೆ ತಪ್ಪಿಸೋದು ಇನ್ನೂ ಸುಲಭ: ಆ ರಾತ್ರಿ ಮುರ್ಡೇಶ್ವರದಲ್ಲೇ ಮಲಗಿ ಬೆಳಿಗ್ಗೆ ಹೊರಡಿ. ದೋಣಿಯಲ್ಲಿ ಹೊಯ್ದಾಡಿ ಸುಸ್ತಾದ ಡ್ರೈವರ್ ರಾತ್ರಿ ಘಟ್ಟ ಹತ್ತೋದೂ ತಪ್ಪುತ್ತೆ. ಮಂಡ್ಯ, ಮೈಸೂರು ಮಾರ್ಗವಾಗಿ ಮುರ್ಡೇಶ್ವರಕ್ಕೆ ರೈಲೂ ಇದೆ, ಅದೂ ಸಕಲೇಶಪುರದ ಘಟ್ಟ ಹತ್ತಿಯೇ ಬರುತ್ತೆ. ಊರಿಗೆ ಬಂದ ಮೇಲೆ ಕೀಲು ನೋವು, ಜೋಮು, ತಲೆಸುತ್ತು ಕಂಡರೆ ಆಸ್ಪತ್ರೆಯಲ್ಲಿ ‘ಸ್ಕೂಬಾ ಮಾಡಿದ್ದೆವು’ ಅಂತ ಮೊದಲು ಹೇಳಿ.

ಬಿಲ್ ಇದ್ದರೆ ಮಂಡ್ಯದಲ್ಲೇ ಕೇಸು

ಹೇಳಿದ ಸೇವೆ ಸಿಗದಿದ್ದರೆ, ಒಬ್ಬರಿಗೊಬ್ಬ ತರಬೇತುದಾರ ಅಂದು ಆರು ಜನರನ್ನು ಒಟ್ಟಿಗೆ ಇಳಿಸಿದರೆ, ದೋಣಿ ರದ್ದಾಗಿ ದುಡ್ಡು ವಾಪಸ್ ಬಾರದಿದ್ದರೆ ‘ಅಷ್ಟು ದೂರ ಯಾರು ಅಲೀತಾರೆ’ ಅಂತ ಬಿಡಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಳವಳ್ಳಿಯವರು ಭಟ್ಕಳಕ್ಕೋ ಕಾರವಾರಕ್ಕೋ ಹೋಗಬೇಕಿಲ್ಲ, ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗ ಸಾಕು. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಅದಕ್ಕೂ ಮುಂಚೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಆದರೆ ಕೈಯಲ್ಲಿ ಕಾಗದ ಇರಬೇಕು. ಸಂಸ್ಥೆಯ ಹೆಸರಿರುವ ಬಿಲ್, ಏನೇನು ಸೇರಿದೆ ಅಂತ ಬರೆದ ಮೆಸೇಜ್, ದುಡ್ಡು ಹೋದ ಖಾತೆಯ ವಿವರ. ಯಾವುದೋ ವ್ಯಕ್ತಿಯ ನಂಬರ್‌ಗೆ ಫೋನ್‌ಪೇ ಮಾಡಿ, ಬಿಲ್ ಕೇಳಿದರೆ ‘ಬನ್ನಿ ಸರ್, ಇಲ್ಲೇ ಕೊಡ್ತೀವಿ’ ಅನ್ನಿಸಿಕೊಂಡರೆ ಅಡ್ವಾನ್ಸ್ ಹಾಕಬೇಡಿ.

ಈ ಪ್ರಶ್ನೆಗಳನ್ನೆಲ್ಲ ಮಳವಳ್ಳಿಯಲ್ಲೇ ಕೂತು ಫೋನಲ್ಲಿ ಕೇಳಬಹುದು. ಎರಡು ಮೂರು ಕಡೆ ವಿಚಾರಿಸಿದರೆ ಯಾರು ಸಮಾಧಾನವಾಗಿ ಉತ್ತರ ಕೊಡ್ತಾರೆ, ಯಾರು ‘ಏನೂ ಆಗಲ್ಲ ಬನ್ನಿ’ ಅಂತ ಜಾರಿಕೊಳ್ತಾರೆ ಅನ್ನೋದು ಗೊತ್ತಾಗುತ್ತೆ. ತಲೆಗೆ ಐನೂರು ರೂಪಾಯಿ ಹೆಚ್ಚಾದರೂ ಮೊದಲನೆಯವರ ಹತ್ತಿರವೇ ಹೋಗೋದು ಒಳ್ಳೇದು.