ಕಾಣದ ಬದಿಯ ಕೆಲಸ

ನಮ್ಮ ನೆರೆಮನೆಯ ಬಾಲಿಕೆಯೊಬ್ಬಳು ಬೇಸಿಗೆ ರಜೆಯಲ್ಲಿ ತನ್ನ ಅಜ್ಜಿಯ ಶಾಲಿಗೆಂದು ಮಣಿಕಸೂತಿಯ ಬ್ರೋಚೊಂದನ್ನು ಸಿದ್ಧಪಡಿಸಿದಳು. ಆನೆಯ ಆಕಾರ, ಮೂರು ವಾರಗಳ ದುಡಿಮೆ. ಅಜ್ಜಿಯವರು ಅದನ್ನು ಧರಿಸಿ ಮದುವೆಯೊಂದಕ್ಕೆ ಹೋದರು. ಮರಳುವಾಗ ಶಾಲಿನಲ್ಲಿ ಪಿನ್ನು ಮಾತ್ರ ಉಳಿದಿತ್ತು, ಆನೆ ಇರಲಿಲ್ಲ. ಮರುದಿನ ಆ ವೃದ್ಧೆ ಮತ್ತೆ ಕಲ್ಯಾಣಮಂಟಪಕ್ಕೆ ಹೋಗಿ ಹುಡುಕಿ ಬರಿಗೈಯಲ್ಲಿ ಬಂದರು. “ಅಜ್ಜಾರ, ಅಂಟು ಗಟ್ಟಿ ಹಿಡಿತೈತಿ ಅಂತ ತಿಳದಿದ್ದೆ. ಇನ್ನ ನಾ ಮಾಡೂದಿಲ್ರಿ” ಎಂದು ಬಾಲಿಕೆ ನಮ್ಮ ಮುಂದೆ ಕಣ್ಣೀರು ತಂದಳು.

ನಾವು ಗ್ರಂಥ ಹಿಡಿದವರೇ ಹೊರತು ಸೂಜಿ ಹಿಡಿದವರಲ್ಲ. ಆದರೂ ಆಕೆಯನ್ನು ಸಂತೈಸಿ, ಎರಡನೆಯ ಆನೆಗೆ ಕೂಡಿಸಿ, ಸಂಜೆಗಳಲ್ಲಿ ಎದುರು ಕುಳಿತು ನೋಡಿದೆವು. ಕಂಡದ್ದನ್ನು ಓದುಗರ ಮುಂದಿಡುತ್ತೇವೆ.

ಮೊದಲು ಫೆಲ್ಟ್ ಬಟ್ಟೆಯ ಮೇಲೆ ಆಕಾರ ಬರೆಯಬೇಕು. ಮಣಿಗಳ ಸಂಖ್ಯೆ ಹೆಚ್ಚಿದಷ್ಟೂ ಗಾತ್ರ ಕಿರಿದು: 11ನೆಯ ನಂಬರಿನದು ಸುಮಾರು 2 ಮಿಲಿಮೀಟರು, 15ರದು ಸುಮಾರು ಒಂದೂವರೆ. ಆಕೆ ಕಣ್ಣಿನ ಕಪ್ಪು ಮಣಿಯನ್ನೇ ಮೊದಲು ಕೂಡಿಸಿದಳು. ಅನಂತರ ಹೊರರೇಖೆ, ಕಡೆಗೆ ಒಳತುಂಬು. ನಾಲ್ಕು ಮಣಿ ಪೋಣಿಸಿ ಸೂಜಿಯನ್ನು ಕೆಳಗಿಳಿಸುವುದು, ಎರಡು ಮಣಿ ಹಿಂದೆ ಮೇಲೆ ಬಂದು ಕೊನೆಯ ಎರಡರೊಳಗೆ ಮತ್ತೆ ದಾರ ಹಾಯಿಸುವುದು. ಮಣಿ ಒತ್ತೊತ್ತಾದರೆ ಬಟ್ಟೆ ಮುದುಡುತ್ತದೆ. ವಿರಳವಾದರೆ ಬಟ್ಟೆ ಕಾಣುತ್ತದೆ. ಸಾಲುಗಳು ಕಿವಿಯಲ್ಲಿ ಕಿವಿಯ ಬಾಗನ್ನೂ ಸೊಂಡಿಲಿನಲ್ಲಿ ಸೊಂಡಿಲಿನ ಬಾಗನ್ನೂ ಅನುಸರಿಸಿದರೆ ಮಾತ್ರ ಆನೆ ಆನೆಯಾಗುತ್ತದೆ. ದಂತಕ್ಕೆ ಬಳಸಿದ ಕೊಳವೆಮಣಿಯ ಅಂಚು ಹರಿತವಾಗಿದ್ದು ದಾರವನ್ನು ಕೊಯ್ಯುವುದರಿಂದ, ಅದರ ಎರಡೂ ತುದಿಗೆ ಒಂದೊಂದು ಸಣ್ಣ ಮಣಿಯನ್ನು ಕಾವಲಿಟ್ಟಳು.

ಇಷ್ಟು ಕೆಲಸ ಕಳೆದುಹೋದ ಆನೆಯಲ್ಲಿಯೂ ಇತ್ತು. ವ್ಯತ್ಯಾಸವಾದದ್ದು ಹಿಂಬದಿಯಲ್ಲಿ. ಮೊದಲ ಸಲ ಪಿನ್ನನ್ನು ಬರಿಯ ಅಂಟಿನಿಂದ ಹಚ್ಚಿದ್ದಳು. ಈ ಸಲ ಅಂಚಿನ ದಾರ ತಾಕದಂತೆ ಬಟ್ಟೆಯನ್ನು ಕತ್ತರಿಸಿ, ಅದರ ಹಿಂದೆ ಕೊಂಚ ಕಿರಿದಾದ ದಪ್ಪ ರಟ್ಟು ಇಟ್ಟಳು. ಬೆನ್ನಿನ ಬಟ್ಟೆಗೆ ಪಿನ್ನನ್ನು ದಾರದಿಂದ ಹಲವು ಸುತ್ತು ಹೊಲಿದ ಮೇಲೆಯೇ ಅದನ್ನು ಆನೆಗೆ ಜೋಡಿಸಿದಳು. ಪಿನ್ನು ನಡುವಿಗಿಂತ ಮೇಲಿರಬೇಕು. ಇಲ್ಲದಿದ್ದರೆ ಭಾರಕ್ಕೆ ಆನೆ ಮುಂದಕ್ಕೆ ಜೋಲುತ್ತದೆ. ಕಡೆಯಲ್ಲಿ ಎರಡೂ ಬಟ್ಟೆಗಳನ್ನು ಹಿಡಿದು, ಸುತ್ತಲೂ ಒಂದೊಂದೇ ಮಣಿಯಿಟ್ಟು ಅಂಚು ಕಟ್ಟಿದಳು.

ನಮ್ಮ ಧಾರವಾಡ ಸೀಮೆಯ ಕಸೂತಿಯಲ್ಲಿಯೂ ಆನೆ, ನವಿಲುಗಳುಂಟು. ಅಲ್ಲಿ ದಾರಕ್ಕೆ ಗಂಟು ಹಾಕುವುದಿಲ್ಲ; ಗವಂತಿ ಹೊಲಿಗೆಯು ಎರಡೂ ಬದಿಗೆ ಒಂದೇ ರೀತಿ ಕಾಣುತ್ತದೆ. ಮಣಿಕಸೂತಿಯಲ್ಲಿ ಗಂಟುಗಳಿರುತ್ತವೆ, ಬೆನ್ನಿನ ಬಟ್ಟೆ ಅವನ್ನು ಮುಚ್ಚುತ್ತದೆ. ಆದರೆ ಮುಚ್ಚಿಹೋಗುವುದೆಂದು ಅಲ್ಲಿ ಅಲಕ್ಷ್ಯ ಸಲ್ಲದು. ಆನೆಯ ಭಾರವನ್ನೆಲ್ಲ ಹೊರುವುದು ಆ ಬದಿಯೇ.

ಎರಡನೆಯ ಆನೆ ಈಗ ಅಜ್ಜಿಯವರ ಶಾಲಿನ ಮೇಲಿದೆ. ಕಳೆದುಹೋದುದರ ನೆನಪು ಅವರಿಗೆ ಹೋಗಿಲ್ಲ. ದಿನಕ್ಕೊಮ್ಮೆಯಾದರೂ ಕೈಯಿಂದ ಮುಟ್ಟಿ ನೋಡಿಕೊಳ್ಳುತ್ತಾರೆ. ಮನೆಯ ಹಿರಿಯರಲ್ಲಿ ನಮ್ಮದೊಂದು ವಿನಂತಿ: ಮಕ್ಕಳು ಇಂಥದೊಂದನ್ನು ಮಾಡಿ ತಂದಾಗ ಮುಂಬದಿಯನ್ನು ಹೊಗಳಿ ಸುಮ್ಮನಾಗದಿರಿ. ತಿರುಗಿಸಿ ಹಿಂಬದಿಯನ್ನೂ ನೋಡಿರಿ. ಅಲ್ಲಿನ ಗಟ್ಟಿ ಹೊಲಿಗೆಗೂ ಒಂದು ಮೆಚ್ಚುಗೆಯ ಮಾತು ಸಲ್ಲಲಿ.